ಡ್ರಾಫ್ಟಿಗೆ ಮುಂಚಿನ ಚಳಿಗಾಲ

ನನ್ನ ಚಿಕಿತ್ಸೆಯ ಮಂಚ ಅವನಿಗೆ ಸಾಲಲಿಲ್ಲ. ಮಲಗಿದರೆ ಪಾದಗಳು ಹೊರಗೆ ಚಾಚಿದವು, ಭುಜಗಳು ಎರಡೂ ಬದಿ ಅಂಚು ದಾಟಿದವು. ಮಂಚ ಕಿರುಗುಟ್ಟಿದ್ದು ಕೇಳಿ ನಾನು ನೆಲದ ಮೇಲೆ ಎರಡು ಮ್ಯಾಟ್ ಜೋಡಿಸಿ ಹಾಸಿ, ಅಲ್ಲೇ ಮಲಗಲು ಹೇಳಿದೆ. ಇಪ್ಪತ್ತೆರಡರ ಹುಡುಗ, ಬೈಸಿಕೊಂಡವನ ಹಾಗೆ ಮುಖ ಮಾಡಿಕೊಂಡು ಇಳಿದ. ನರ್ಸ್ ಯೂನಿಫಾರ್ಮಿನಲ್ಲೇ ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ನಕ್ಕರು.

"ಸಣ್ಣದಿರುವಾಗ್ಲೇ ಹೀಗೆ ಮಾರಾಯ್ರೆ. ಶಾಲೆ ಬಸ್ಸಲ್ಲಿ ಇವನೊಬ್ಬನಿಗೇ ಇಬ್ಬರ ಸೀಟು ಬೇಕಿತ್ತು. ನೀವು ಕಾಲು ಒಂದು ನೋಡಿ ಡಾಕ್ಟ್ರೇ, ಉಳಿದದ್ದೆಲ್ಲ ದೇವರು ಕೊಟ್ಟಿದ್ದಾನೆ."

ನಾನು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಎಷ್ಟು ಸಲ ಹೇಳಿದರೂ ಅವರು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ಬಹ್ರೇನಿನ ಆ ಖಾಸಗಿ ಆಸ್ಪತ್ರೆಗೆ ನಾನು ದಾವಣಗೆರೆಯಿಂದ ಬಂದು ಸೇರುವ ಹೊತ್ತಿಗೆ ಅವರು ಅಲ್ಲಿ ಹಳಬರಾಗಿದ್ದರು. ಉಡುಪಿ ಕಡೆಯವರು. ಎಂಬತ್ತರ ದಶಕದ ಕೊನೆಯಲ್ಲಿ ನರ್ಸ್ ಆಗಿ ಬಂದು, ಇಲ್ಲಿ ನೌಕಾನೆಲೆಯಲ್ಲಿದ್ದ ಒಬ್ಬ ಅಮೆರಿಕನ್ ನಾವಿಕನನ್ನು ಮದುವೆಯಾದರು. ತವರಿನವರು ಅಂದಿನಿಂದ ಮಾತು ಬಿಟ್ಟರು. ಮಗನಿಗೆ ಹತ್ತು ವರ್ಷವಿರುವಾಗ ಗಂಡ ವರ್ಗವಾಗಿ ತನ್ನ ದೇಶಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇವರು ಗುದೈಬಿಯಾದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಗನನ್ನು ಬೆಳೆಸಿದರು. ಅಮೆರಿಕನ್ ಮಕ್ಕಳಿರುವ ಶಾಲೆಗೆ ಕಳಿಸಿದರು. ಆ ಶಾಲೆಯಲ್ಲೇ ಅವನಿಗೆ ಅಮೆರಿಕನ್ ಫುಟ್‌ಬಾಲ್ ಹತ್ತಿದ್ದು. ಶಾಲೆ ಮುಗಿದ ಮೇಲೆ ಅಪ್ಪನಿರುವ ರಾಜ್ಯದ ಒಂದು ಸಣ್ಣ ಕಾಲೇಜು ಆಟದ ಬಲದ ಮೇಲೆ ಅವನನ್ನು ಸೇರಿಸಿಕೊಂಡಿತು. ನಾಲ್ಕು ವರ್ಷ ಆಡಿದ. ಮಗನ ಆಟ ನೋಡಲು ಅಪ್ಪ ಬಂದದ್ದು ಒಂದೇ ಸಲವಂತೆ.

ಈಗ ಕಾಲೇಜು ಆಟದ ಕೊನೆಯ ಋತು ಮುಗಿದಿತ್ತು. ಮಾರ್ಚಿನಲ್ಲಿ ವೃತ್ತಿಪರ ತಂಡಗಳ ಮುಂದೆ ಪರೀಕ್ಷೆ, ಏಪ್ರಿಲಿನ ಕೊನೆಗೆ ಡ್ರಾಫ್ಟ್. ಅಂದರೆ ಅಲ್ಲಿನ ದೊಡ್ಡ ತಂಡಗಳು ಸರದಿಯ ಮೇಲೆ ಕಾಲೇಜು ಆಟಗಾರರ ಹೆಸರು ಕೂಗಿ ಆರಿಸಿಕೊಳ್ಳುವ ದಿನಗಳು. ಆರಿಸಿಕೊಂಡರೆ ಬದುಕು ಬೇರೆ; ಇಲ್ಲದಿದ್ದರೆ ಆಟ ಅಲ್ಲಿಗೇ ಮುಗಿಯಿತು. ದೊಡ್ಡ ಕಾಲೇಜುಗಳ ಹುಡುಗರು ಈ ನಡುವಿನ ತಿಂಗಳುಗಳಲ್ಲಿ ದುಬಾರಿ ತರಬೇತಿ ಕೇಂದ್ರಗಳಿಗೆ ಹೋಗುತ್ತಾರಂತೆ. ಇವನನ್ನು ಅಂಥ ಕಡೆ ಕಳಿಸುವವರು ಯಾರೂ ಇರಲಿಲ್ಲ. ಹಾಗಾಗಿ ತಾಯಿಯ ಬಳಿಗೆ, ವಿಸಿಟ್ ವೀಸಾದ ಮೇಲೆ, ಬಹ್ರೇನಿಗೆ ಬಂದಿದ್ದ.

ಎಡ ಮಂಡಿಯ ಮೇಲೆ ಉದ್ದನೆಯ ಗಾಯದ ಗುರುತಿತ್ತು. ಕಾಲೇಜಿನ ಮೂರನೆಯ ವರ್ಷ ಲಿಗಮೆಂಟ್ ಹರಿದು ಆಪರೇಷನ್ ಆಗಿತ್ತು. ನಾನು ಮಂಡಿಯನ್ನು ಮಡಿಸಿ, ಚಾಚಿಸಿ, ಪಕ್ಕಕ್ಕೆ ಒತ್ತಿ ನೋಡಿದೆ. ಪೂರ್ತಿ ಮಡಿಸುವ ಹೊತ್ತಿಗೆ ಒಳಗೆ ಮರಳು ಉಜ್ಜಿದ ಹಾಗೆ ಬೆರಳಿಗೆ ತಾಗಿತು.

"ನೋವಿದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಬೇನೆ ಇಲ್ಲ" ಎಂದ, ತಾಯಿಯ ಕನ್ನಡದಲ್ಲಿ. ಅವನಿಗೆ ಬರುತ್ತಿದ್ದ ಹತ್ತಿಪ್ಪತ್ತು ಕನ್ನಡ ಪದಗಳಲ್ಲಿ ಅದು ಒಂದು. ಉಳಿದ ಮಾತೆಲ್ಲ ಇಂಗ್ಲಿಷು. ಅದನ್ನು ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಎರಡು ತೊಡೆಗಳಿಗೂ ಟೇಪ್ ಸುತ್ತಿ ಅಳೆದೆ. ಎಡತೊಡೆ ಬಲತೊಡೆಗಿಂತ ತೆಳುವಾಗಿತ್ತು. ಅಷ್ಟು ದೊಡ್ಡ ಮೈಯಲ್ಲಿ ಬರಿಗಣ್ಣಿಗೆ ಗೊತ್ತಾಗದ ವ್ಯತ್ಯಾಸ. ನಾನು ಟೇಪ್ ಮಡಿಸುವಾಗ ಅವನು ಕೈ ಚಾಚಿ, "ಅಂಕಲ್, ಇದನ್ನೂ ಅಳೆಯಿರಿ, ಭುಜದಿಂದ ನಡುಬೆರಳಿನ ತುದಿವರೆಗೆ" ಎಂದ. ಅಳೆದೆ. ಎಷ್ಟೆಂದು ಕೇಳಿ, ಹೇಳಿದ ಮೇಲೆ ಕೈ ಮಡಚಿಕೊಂಡ. ಅವನ ಜಾಗದಲ್ಲಿ ಆಡುವವರಿಗೆ ತೋಳು ಇನ್ನೂ ಉದ್ದ ಬೇಕಂತೆ. ತೋಳು ಬೆಳೆಸುವ ವ್ಯಾಯಾಮ ನನಗೂ ಗೊತ್ತಿರಲಿಲ್ಲ.

ಮುಂದಿನ ವಾರ ಲ್ಯಾಪ್‌ಟಾಪ್ ತಂದು ತನ್ನ ಆಟದ ವೀಡಿಯೋಗಳನ್ನು ತೋರಿಸಿದ. ಆ ಆಟವನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಕಾಲಲ್ಲಿ ಒದೆಯದ ಆಟಕ್ಕೆ ಫುಟ್‌ಬಾಲ್ ಎಂದು ಯಾಕೆ ಹೆಸರಿಟ್ಟರೋ ಎಂದು ನಕ್ಕೆ. ಅವನು ತಾಳ್ಮೆಯಿಂದ ಹೇಳಿಕೊಟ್ಟ. ಎರಡು ಸಾಲು ಗಂಡಸರು ಎದುರುಬದುರು ಬಗ್ಗಿ ಕೂರುತ್ತಾರೆ. ಒಂದು ಕಡೆಯವರು ಚೆಂಡು ಹಿಡಿದ ತಮ್ಮವನನ್ನು ಕಾಯಬೇಕು. ಇನ್ನೊಂದು ಕಡೆಯ ಸಾಲಿನವರು ಅವರನ್ನು ಭೇದಿಸಿ ಒಳನುಗ್ಗಬೇಕು. ಇವನು ನುಗ್ಗುವ ಸಾಲಿನವನು, ಡಿಫೆನ್ಸಿವ್ ಲೈನ್‌ಮನ್, ಅದರಲ್ಲೂ ನಡುವಿನವನು. ಚೆಂಡು ಅಲುಗಿದ ಕ್ಷಣ ಮೈಮೇಲೆ ಒಬ್ಬನೋ ಇಬ್ಬರೋ ಬೀಳುತ್ತಾರೆ. ಒಂದೊಂದು ಸಲದ ಆಟ ಐದಾರು ಸೆಕೆಂಡಿನಲ್ಲಿ ಮುಗಿಯುತ್ತದೆ. ಮತ್ತೆ ಏಳು, ಮತ್ತೆ ಬಗ್ಗಿ ಕೂರು.

ನೋಡನೋಡುತ್ತ ನನಗೆ ಆ ಆಟ ಅರ್ಥವಾಗತೊಡಗಿತು. ದಾವಣಗೆರೆಯಲ್ಲಿ ನಮ್ಮ ಮನೆಯ ಗೋಡೆ ಗರಡಿಮನೆಯ ಗೋಡೆಗೆ ಅಂಟಿಕೊಂಡಿತ್ತು. ನಾನು ಪೈಲ್ವಾನನಾಗಲಿಲ್ಲ, ಆದರೆ ಹೈಸ್ಕೂಲು ಮುಗಿಯುವವರೆಗೂ ದಿನಾ ಸಂಜೆ ಕೆಂಪು ಮಣ್ಣಿನ ಅಂಚಿನಲ್ಲಿ ಕೂತು ನೋಡಿದವನು. ವಸ್ತಾದರು ಹುಡುಗರಿಗೆ ಬೈಯುತ್ತಿದ್ದುದೆಲ್ಲ ಒಂದೇ: ನಡು ಇಳಿಸು, ತಲೆ ಎತ್ತಬೇಡ, ಕೈ ಮೊದಲು ಹೋಗಲಿ. ಈ ಆಟದಲ್ಲೂ ಅದೇ ಇತ್ತು. ತಗ್ಗಿ ಹೋದವನು ಎದುರಾಳಿಯನ್ನು ಎತ್ತುತ್ತಾನೆ, ಎದ್ದು ನಿಂತವನು ಕೆಡವಿಸಿಕೊಳ್ಳುತ್ತಾನೆ.

ಅವನು ಒಳ್ಳೆಯ ಆಟಗಾರ. ಇದನ್ನು ನಾನು ಮುಲಾಜಿಲ್ಲದೆ ಹೇಳಬಲ್ಲೆ. ಅಷ್ಟು ಭಾರದ ಮನುಷ್ಯ ಚೆಂಡು ಅಲುಗಿದ ಕೂಡಲೇ ಇಡುತ್ತಿದ್ದ ಮೊದಲ ಹೆಜ್ಜೆ ನೋಡಿದರೆ ಮೈ ಜುಮ್ಮೆನ್ನುತ್ತಿತ್ತು. ಕೈಗಳೂ ಚುರುಕು. ಎದುರಿನವನು ಹಿಡಿಯುವ ಮೊದಲೇ ಅವನ ಮೊಣಕೈಯನ್ನು ಬದಿಗೆ ಸರಿಸಿಬಿಡುತ್ತಿದ್ದ. ಎರಡನೆಯ ವರ್ಷದ ವೀಡಿಯೋಗಳಲ್ಲಿ ಇಬ್ಬಿಬ್ಬರು ಒಟ್ಟಿಗೆ ಬಿದ್ದರೂ ಅವರ ಕೆಳಗೆ ತೂರಿಕೊಂಡು ಹೋಗುತ್ತಿದ್ದ.

ಆಮೇಲೆ ಕೊನೆಯ ವರ್ಷದ್ದು ಹಾಕಿದ. ಮೊದಲ ಹೆಜ್ಜೆ ಹಾಗೇ ಇತ್ತು. ಆದರೆ ಎಡಗಡೆಯಿಂದ ಎರಡನೆಯವನು ಬಂದು ಒತ್ತಿದಾಗಲೆಲ್ಲ ಇವನು ಎದ್ದು ನಿಲ್ಲುತ್ತಿದ್ದ. ಎಡಗಾಲು ಊರಿ ತಗ್ಗಬೇಕಾದ ಜಾಗದಲ್ಲಿ ಆ ಕಾಲು ಮೈಯ ಭಾರ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಸಲವಲ್ಲ, ಪ್ರತಿಸಲವೂ. ನಾನು ವೀಡಿಯೋ ನಿಲ್ಲಿಸಲು ಹೇಳಿ, ಹಿಂದಕ್ಕೆ ಹಾಕಿಸಿ ನೋಡಿದೆ. ಅವನು ಹಿಂದಕ್ಕೆ ಹಾಕಿದ. ಯಾಕೆ ಎಂದು ಕೇಳಲಿಲ್ಲ.

ಸಲ್ಮಾಬಾದಿನಲ್ಲಿ ಅವನ ತಾಯಿಗೆ ಪರಿಚಯದ ಕುಂದಾಪುರದವರೊಬ್ಬರ ಗ್ಯಾರೇಜಿತ್ತು. ಶುಕ್ರವಾರ ರಜೆ. ಗ್ಯಾರೇಜಿನ ಹಿಂದಿನ ಓಣಿಯಲ್ಲಿ ಎಂಜಿನ್ ತೆಗೆದ ಒಂದು ಪಿಕಪ್ ನಿಂತಿತ್ತು. ಅದನ್ನು ತಳ್ಳಿ ಅಭ್ಯಾಸ ಮಾಡಲು ಅವರು ಒಪ್ಪಿದರು. ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ರಿಫಾದ ನಮ್ಮ ಮನೆಯಿಂದ ಕಾರಿನಲ್ಲಿ ಹೋಗುತ್ತಿದ್ದೆ. ಅವನು ಬಗ್ಗಿ ಕೂತು, ನಾನು ಚಪ್ಪಾಳೆ ತಟ್ಟಿದ ಕೂಡಲೇ ಹೊಮ್ಮಿ ಪಿಕಪ್ಪಿನ ಹಿಂಬದಿಗೆ ಎರಡು ಅಂಗೈ ಇಟ್ಟು ಓಣಿಯ ತುದಿಯವರೆಗೆ ತಳ್ಳುತ್ತಿದ್ದ. ಪಕ್ಕದ ಲೇಬರ್ ಕ್ಯಾಂಪಿನ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಗಂಡಸರು ಕಟಕಟೆಗೆ ಒರಗಿ ನೋಡುತ್ತಿದ್ದರು. "ಶಾಬಾಶ್ ಪೈಲ್ವಾನ್! ಔರ್ ಏಕ್ ಬಾರ್!" ಎಂದು ಕೂಗುತ್ತಿದ್ದರು. ಅವನು ಕೈಯೆತ್ತಿ ಸಲಾಂ ಮಾಡುತ್ತಿದ್ದ. ಅವನ ತಾಯಿ ಗ್ಯಾರೇಜಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಐಸ್ ತುಂಬಿದ ಡಬ್ಬಿ ಕಾಲಬಳಿ ಇಟ್ಟುಕೊಂಡು ಕೂತಿರುತ್ತಿದ್ದರು. ಅಭ್ಯಾಸ ಮುಗಿದ ಮೇಲೆ ಮಂಡಿಗೆ ಐಸ್ ಇಡುವ ಕೆಲಸ ಅವರದು. ಅದನ್ನು ನನಗೆ ಬಿಡುತ್ತಿರಲಿಲ್ಲ.

ಆ ಶುಕ್ರವಾರಗಳು ನನಗೆ ಹಿಡಿಸಿದ್ದವು. ಮನೆಯಲ್ಲಿ ಹೆಂಡತಿ, "ರಜಾದ ದಿನನೂ ಡ್ಯೂಟಿ ಏನ್ರೀ ನಿಮ್ಗೆ?" ಎಂದು ಗೊಣಗುತ್ತಿದ್ದಳು. ಆದರೂ ಹೋಗುತ್ತಿದ್ದೆ. ದಿನಾ ನನ್ನ ಕೈಗೆ ಬರುತ್ತಿದ್ದುದು ಕುತ್ತಿಗೆ ನೋವಿನ ಆಫೀಸಿನವರು, ಸೊಂಟ ಉಳುಕಿದ ಡ್ರೈವರುಗಳು. ಇಂಥ ಮೈ ನನ್ನ ಕೈಗೆ ಮತ್ತೆ ಬರಲಾರದು ಎಂದು ಗೊತ್ತಿತ್ತು. ಮೊದಲ ಕೆಲವು ವಾರ ಎಡತೊಡೆ ತುಂಬಿಕೊಳ್ಳುತ್ತಿದೆ ಎಂದೇ ನಂಬಿದ್ದೆ. ಟೇಪೂ ಹಾಗೆಯೇ ಹೇಳುತ್ತಿತ್ತು.

ಜನವರಿಯ ಕೊನೆಯಲ್ಲಿ ಮಂಡಿ ಊದಿಕೊಂಡಿತು. ನಮ್ಮ ಮೂಳೆ ಡಾಕ್ಟರು ಸೂಜಿ ಚುಚ್ಚಿ ನೀರು ತೆಗೆದರು, ಎಂಆರ್‌ಐ ಮಾಡಿಸಿದರು. ಲಿಗಮೆಂಟ್ ಗಟ್ಟಿಯಾಗಿಯೇ ಇತ್ತು. ಸವೆದಿದ್ದುದು ಮೂಳೆಯ ತುದಿಯ ಮೆತ್ತೆ, ಕಾರ್ಟಿಲೇಜು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನಡೆಯೋಕೆ, ಕೆಲಸ ಮಾಡೋಕೆ ಏನೂ ತೊಂದರೆಯಿಲ್ಲ. ಆದರೆ ಈ ತೂಕ ಹೊತ್ತುಕೊಂಡು ದಿನಾ ಗುದ್ದಾಡುವ ಮಂಡಿ ಅಲ್ಲ ಇದು" ಎಂದರು. ಹುಡುಗನಿಗೂ ಇದನ್ನೇ ಸ್ವಲ್ಪ ಮೆತ್ತಗೆ ಹೇಳಿದರು. ಅವನು "ಮಾರ್ಚಿನವರೆಗೆ ತಡೆದರೆ ಸಾಕು" ಎಂದ.

ಎರಡು ದಿನ ಬಿಟ್ಟು ಅವನ ತಾಯಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನನ್ನೆದುರು ಚಹಾ ತಂದಿಟ್ಟುಕೊಂಡು ಕೂತರು. ಬಹಳ ಹೊತ್ತು ಕಪ್ಪನ್ನು ತಿರುಗಿಸುತ್ತ ಇದ್ದರು.

"ಡಾಕ್ಟ್ರೇ, ನೀವು ಅವನ ವೀಡಿಯೋ ಎಲ್ಲ ನೋಡಿದ್ದೀರಿ. ಕಾಲೂ ನೋಡಿದ್ದೀರಿ. ನಂಗೆ ನಿಜ ಹೇಳಿ. ಆಗ್ತದಾ, ಇಲ್ವಾ?"

"ಅದನ್ನ ಹೇಳೋಕೆ ನಾನ್ಯಾರು ಸಿಸ್ಟರ್? ಅಲ್ಲಿ ಆಟಗಾರರನ್ನ ನೋಡಿ ಆರಿಸೋಕೇ ಅಂತ ತಂಡದೋರ ಸ್ಕೌಟ್‌ಗಳು ಇರ್ತಾರೆ..."

"ಸ್ಕೌಟಿನವರು ಇಲ್ಲಿಗೆ ಬರುದಿಲ್ಲ. ನಾನು ಇಷ್ಟು ವರ್ಷ ಡಾಕ್ಟರುಗಳ ಮುಖ ನೋಡಿಯೇ ರೋಗಿಗಳ ಮನೆಯವರನ್ನು ಸಮಾಧಾನ ಮಾಡಿದವಳು. ನಿಮ್ಮದು ಒಳ್ಳೆ ಸುದ್ದಿಯ ಮುಖ ಅಲ್ಲ."

ನಾನು ಹೇಳಿದೆ. ಸುತ್ತಿಬಳಸದೆ ಹೇಳಿದೆ. "ಹುಡುಗ ಚೆನ್ನಾಗಿ ಆಡ್ತಾನೆ ಸಿಸ್ಟರ್. ಆದ್ರೆ ಚೆನ್ನಾಗಿ ಆಡೋರು ಅವ್ರಿಗೆ ಎಲ್ಲಿ ಬೇಕಾದ್ರೂ ಸಿಗ್ತಾರೆ. ದೊಡ್ಡ ಕಾಲೇಜಿನೋರು, ಉದ್ದ ತೋಳಿನೋರು, ಕಾಲು ಸರಿಯಾಗಿರೋರು. ಇವನು ಎಡಗಾಲಿನ ಮೇಲೆ ತಗ್ಗಲ್ಲ. ನನಗೇ ಕಾಣ್ತೈತೆ ಅಂದ್ರೆ ಅವ್ರಿಗೆ ಕಾಣಲ್ವಾ? ತಗೊಳ್ಳಲ್ಲ ಅಂತ ಅನ್ಸುತ್ತೆ."

ಅವರು ತಲೆಯಾಡಿಸಿದರು, ರೋಗಿಯ ಕಡೆಯವರು ನಿರೀಕ್ಷಿಸಿದ ಮಾತನ್ನೇ ಕೇಳಿಸಿಕೊಂಡಾಗ ಆಡಿಸುವ ಹಾಗೆ. ಚಹಾ ಕುಡಿದು ಮುಗಿಸಿದರು.

"ಅವನಿಗೆ ಹೇಳ್ಬೇಡಿ. ಅವನು ಅದನ್ನೇ ನಂಬಿ ಇರುದು. ನಾನು ನಿಮ್ಮ ಹತ್ರ ಕೇಳ್ಲೇ ಇಲ್ಲ ಅಂತ ಇಟ್ಕೊಳ್ಳಿ. ಎಂತ?"

"ಆಯ್ತು" ಎಂದೆ.

ಮುಂದಿನ ಶುಕ್ರವಾರ ಅವರಿಗೆ ಡ್ಯೂಟಿ ಇತ್ತು. ಸಲ್ಮಾಬಾದಿನ ಓಣಿಯಲ್ಲಿ ನಾನೂ ಅವನೂ ಇಬ್ಬರೇ. ಎರಡು ಸಲ ಪಿಕಪ್ ತಳ್ಳಿ ಮೂರನೆಯ ಸಲಕ್ಕೆ ಬಗ್ಗಿದವನು ಏಳದೆ ಹಾಗೇ ನೆಲದ ಮೇಲೆ ಕೂತುಬಿಟ್ಟ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನಾನು ನೀರಿನ ಬಾಟಲಿ ಕೊಟ್ಟೆ.

"ಅಂಕಲ್, ನಾನೇ ಸ್ಕೌಟ್ ಆಗಿದ್ರೆ ನನ್ನ ಬಗ್ಗೆ ಏನು ಬರೀತಿದ್ದೆ ಗೊತ್ತಾ?" ಎಂದ. ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳುತ್ತ ಹೋದ. "ಮೊದಲ ಹೆಜ್ಜೆ ಬಹಳ ಚುರುಕು. ಕೈ ಬಳಸೋದು ಗೊತ್ತು. ಕಷ್ಟಪಡ್ತಾನೆ, ಕೊನೆವರೆಗೂ ಬಿಡಲ್ಲ. ಆದರೆ ತೋಳು ಗಿಡ್ಡ. ಆಡಿದ್ದೆಲ್ಲ ಸಣ್ಣ ಕಾಲೇಜುಗಳ ಮೇಲೆ. ಆಪರೇಷನ್ ಆದ ಮೇಲೆ ಇಬ್ಬರು ಮೇಲೆ ಬಿದ್ದರೆ ಎದ್ದು ನಿಲ್ತಾನೆ. ಒಬ್ಬನೇ ಎದುರಿದ್ದಾಗ ಚೆನ್ನಾಗಿ ಕಾಣ್ತಾನೆ. ಮೇಲಿನ ಹಂತದಲ್ಲಿ ಇವನನ್ನ ಒಬ್ಬನೇ ಎದುರಿಸೋ ಹಾಗೆ ಯಾರೂ ಬಿಡಲ್ಲ." ಒಂದು ಗುಟುಕು ನೀರು ಕುಡಿದ. "ನಾನಾಗಿದ್ರೆ ತಗೊಳ್ತಿರಲಿಲ್ಲ."

ಅವನು ಹೇಳಿದ್ದರಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ನಾನು ಕಂಡದ್ದಕ್ಕಿಂತ ಹೆಚ್ಚನ್ನೇ ಅವನು ಕಂಡುಕೊಂಡಿದ್ದ.

"ಯಾವಾಗಿಂದ ಹೀಗನ್ನಿಸ್ತಿದೆ?"

"ಕೊನೆಯ ವರ್ಷದ ಮೂರನೇ ಆಟದಿಂದ."

"ಮತ್ತೆ ಇದೆಲ್ಲ ಯಾಕಪ್ಪಾ?" ಎಂದು ಪಿಕಪ್ಪಿನ ಕಡೆ ಕೈ ತೋರಿಸಿದೆ.

"ಅಮ್ಮನಿಗೆ ಇದೊಂದೇ ಇರೋದು. ಅವಳು ಮನೆ ಬಿಟ್ಟಳು, ಊರು ಬಿಟ್ಟಳು. ಅಪ್ಪ ಅವಳನ್ನ ಬಿಟ್ಟ. ನನ್ನ ಆಟ ಒಂದನ್ನೂ ತಪ್ಪಿಸದೆ ಇಂಟರ್ನೆಟ್ಟಿನಲ್ಲಿ ನೋಡ್ತಾಳೆ. ಬೇರೆ ಯಾರಾದರೂ ನನ್ನನ್ನ ಬೇಡ ಅಂದರೆ ಅವಳು ತಡ್ಕೋಬಹುದು. ನಾನೇ ಬೇಡ ಅನ್ನೋಕಾಗಲ್ಲ." ಬಾಟಲಿಯ ಮುಚ್ಚಳ ತಿರುಗಿಸಿ, "ಅವಳಿಗೆ ಹೇಳಬೇಡಿ ಅಂಕಲ್" ಎಂದ.

ಹೇಳಲ್ಲ ಎಂದೆ. ಅವನು ಎದ್ದು ಮೂರನೆಯ ಸಲ ತಳ್ಳಿದ. ಮಹಡಿಯಿಂದ ಯಾರೋ ಶಿಳ್ಳೆ ಹಾಕಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅನ್ನ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ಅಂದ್ರೆ ಅಮ್ಮಂಗೂ ಗೊತ್ತು, ಮಗಂಗೂ ಗೊತ್ತು. ಒಬ್ರಿಗೆ ಗೊತ್ತಿರೋದು ಇನ್ನೊಬ್ರಿಗೆ ಗೊತ್ತಿಲ್ಲ. ಅಷ್ಟೇ ತಾನೆ? ಇಬ್ರನ್ನೂ ಕೂರ್ಸಿ ಮಾತಾಡ್ಸ್ರಿ."

"ಹೇಳಲ್ಲ ಅಂತ ಮಾತು ಕೊಟ್ಟೀನಿ."

"ಯಾರಿಗೆ?"

"ಇಬ್ರಿಗೂ."

ಅವಳು ನನ್ನನ್ನೇ ನೋಡಿದಳು. "ಹಂಗಾದ್ರೆ ಇನ್ನು ಊಟ ಮಾಡ್ರಿ" ಎಂದಳು.

ಉಳಿದ ವಾರಗಳು ಹೇಗೆ ಕಳೆದವು ಎಂದು ಬರೆಯುವುದು ಕಷ್ಟ. ಹೊರಗೆ ಎಲ್ಲವೂ ಮುಂಚಿನಂತೆಯೇ ಇತ್ತು. ನಾನು ಟೇಪ್ ಹಿಡಿದು ತೊಡೆ ಅಳೆಯುತ್ತಿದ್ದೆ. ಅವರು ಮಗನಿಗಾಗಿ ಕೋಳಿ ಬೇಯಿಸಿ, ಮೊಟ್ಟೆ ಸುಲಿದು ಡಬ್ಬಿ ತುಂಬಿ ತರುತ್ತಿದ್ದರು. ಅವನು ತಿನ್ನುತ್ತಿದ್ದ, ತಳ್ಳುತ್ತಿದ್ದ, ಜಿಗಿಯುತ್ತಿದ್ದ. "ಇವತ್ತು ಜಾಸ್ತಿ ಹಾರಿದ ಅಲ್ವಾ ಡಾಕ್ಟ್ರೇ?" ಎಂದು ತಾಯಿ ಮಗನ ಎದುರಿಗೆ ಕೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ. ಅವನು ಹೆಬ್ಬೆಟ್ಟು ಎತ್ತುತ್ತಿದ್ದ. ಮೂವರಲ್ಲಿ ಯಾರೂ ನಂಬದ ಒಂದು ಸಂಗತಿಗಾಗಿ ಮೂವರೂ ಬೆವರು ಸುರಿಸುತ್ತಿದ್ದೆವು. ಎಷ್ಟೋ ಸಲ ಅವನ ಮಂಡಿಯ ಮೇಲೆ ಕೈಯಿಟ್ಟಾಗ, ಈಗ ಹೇಳಿಬಿಡಲೇ ಅನ್ನಿಸುತ್ತಿತ್ತು. ಹೇಳಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಂದು ಸಲ ಅತ್ತು ಹಗುರಾಗುತ್ತಿದ್ದರೋ, ಅಥವಾ ಅವರ ನಡುವೆ ಉಳಿದಿದ್ದ ಒಂದೇ ಮಾತೂ ಇಲ್ಲದಾಗುತ್ತಿತ್ತೋ, ನನಗೆ ಇವತ್ತಿಗೂ ತಿಳಿಯದು.

ಮಾರ್ಚಿನಲ್ಲಿ ಅವನು ಹೋದ. ಅವನ ಕಾಲೇಜಿಗೆ ಸ್ಕೌಟ್‌ಗಳನ್ನು ಕರೆಸುವಷ್ಟು ಹೆಸರಿರಲಿಲ್ಲ. ಹತ್ತಿರದ ದೊಡ್ಡ ವಿಶ್ವವಿದ್ಯಾಲಯದ ಮೈದಾನದಲ್ಲಿ ನಡೆಯುವ ಪರೀಕ್ಷೆಗೆ ಇವನನ್ನೂ ಸೇರಿಸಿಕೊಂಡಿದ್ದರು. ಓಡಿಸುತ್ತಾರೆ, ಹಾರಿಸುತ್ತಾರೆ, ತೂಕ ಎತ್ತಿಸುತ್ತಾರೆ, ಕೈ ಅಂಗೈ ಎಲ್ಲ ಅಳೆಯುತ್ತಾರೆ. ಅವತ್ತು ರಾತ್ರಿ ಅವನ ಫೋನಿಗಾಗಿ ಕಾದೆವು. ನನಗಿದ್ದ ಭಯವೆಲ್ಲ ಮಂಡಿ ಕೈಕೊಟ್ಟೀತೆಂದು. ಮಂಡಿ ಕೈಕೊಡಲಿಲ್ಲ. ಏನೂ ಆಗಲಿಲ್ಲ. ಓಡಿದ್ದು ನಿಧಾನವೂ ಅಲ್ಲ, ವೇಗವೂ ಅಲ್ಲ. ಹಾರಿದ್ದು ಸಾಧಾರಣ. ಭಾರ ಎತ್ತುವುದರಲ್ಲಿ ಮಾತ್ರ ಮುಂದಿದ್ದ. ಬಂದಿದ್ದ ಸ್ಕೌಟ್‌ಗಳು ಆ ವಿಶ್ವವಿದ್ಯಾಲಯದ ಒಬ್ಬ ವೇಗದ ಓಟಗಾರನನ್ನು ನೋಡಲು ಬಂದವರಂತೆ. ಆ ಓಟಗಾರನ ಸರದಿ ಮುಗಿದ ಮೇಲೆ ಅರ್ಧಕ್ಕರ್ಧ ಜನ ಎದ್ದುಹೋದರು. ಇವನ ಸರದಿ ಕೊನೆಗೆ ಬಂತು.

"ಉಳಿದವರಲ್ಲಿ ಒಬ್ಬ ನನ್ನ ತೋಳು ಎರಡು ಸಲ ಅಳೆದ ಅಂಕಲ್" ಎಂದು ನಗುತ್ತ ಹೇಳಿದ. "ತಪ್ಪು ಅಳೆದೆನೇನೋ ಅಂತ."

ತಾಯಿಗೆ ಮಾತ್ರ, ಚೆನ್ನಾಗಾಯಿತು, ಇಬ್ಬರು ನನ್ನ ನಂಬರ್ ತಗೊಂಡಿದ್ದಾರೆ ಎಂದು ಹೇಳಿದ್ದ. ಅವರು ಅದನ್ನು ನನಗೆ ಹೇಳುವಾಗ ಕಣ್ಣು ತಪ್ಪಿಸಿದರು.

ಅಲ್ಲಿ ಉಳಿಯಲು ಜಾಗವಿಲ್ಲದೆ ಡ್ರಾಫ್ಟಿನ ಹೊತ್ತಿಗೆ ಅವನು ಗುದೈಬಿಯಾಕ್ಕೇ ವಾಪಸು ಬಂದ. ಡ್ರಾಫ್ಟು ಮೂರು ದಿನ ನಡೆಯುತ್ತದೆ. ಮೊದಲ ಎರಡು ದಿನ ದೊಡ್ಡ ಹೆಸರುಗಳು. ಇವನಂಥವರಿಗೆ ಏನಾದರೂ ಇದ್ದರೆ ಅದು ಶನಿವಾರ, ನಮ್ಮ ಸಂಜೆ ಏಳಕ್ಕೆ ಶುರುವಾಗುವ ಕೊನೆಯ ಸುತ್ತುಗಳಲ್ಲಿ. ನಾನೂ ಹೆಂಡತಿಯೂ ಹೋದೆವು. ಅವಳು ಮಿರ್ಚಿ ಬಜ್ಜಿ ಮಾಡಿ, ಮಂಡಕ್ಕಿ ಒಗ್ಗರಣೆ ಹಾಕಿ ಡಬ್ಬಿಯಲ್ಲಿ ತುಂಬಿಕೊಂಡಿದ್ದಳು. ಅವನ ತಾಯಿ ನೀರುದೋಸೆ, ಕೋಳಿ ಸಾರು ಮಾಡಿದ್ದರು. ಆರತಕ್ಷತೆಗೆ ಹೊರಟವರ ಹಾಗೆ ಒಳ್ಳೆಯ ಸೀರೆ ಉಟ್ಟಿದ್ದರು. ಅವನು ಬಿಳಿ ಅಂಗಿ ತೊಟ್ಟಿದ್ದ. ಲ್ಯಾಪ್‌ಟಾಪನ್ನು ಟೀಪಾಯಿಯ ಮೇಲಿಟ್ಟು, ಪಕ್ಕದಲ್ಲಿ ಫೋನನ್ನು ಮಲಗಿಸಿದ್ದ. ತಗೊಳ್ಳುವ ಮುನ್ನ ತಂಡದವರು ಫೋನ್ ಮಾಡುತ್ತಾರಂತೆ.

ಪರದೆಯ ಕೆಳಗೆ ಹೆಸರುಗಳು ಹೋಗುತ್ತಿದ್ದವು. ಹೆಸರು, ಕಾಲೇಜು, ಆಡುವ ಜಾಗ. ಇವನ ಜಾಗದವನ ಹೆಸರು ಬಂದಾಗಲೆಲ್ಲ ಅವನು ಮುಂದಕ್ಕೆ ಬಾಗಿ, "ಇವನ ತೋಳು ನೋಡಬೇಕು ನೀವು" ಎಂದೋ, "ಇವನನ್ನ ನಮ್ಮ ಕೋಚ್ ಬಹಳ ಹೊಗಳ್ತಿದ್ದರು" ಎಂದೋ ಹೇಳುತ್ತಿದ್ದ. ನಿಜವಾಗಿ ಮೆಚ್ಚಿಯೇ ಹೇಳುತ್ತಿದ್ದ. ಅದನ್ನು ಕೇಳುವುದು ನನಗೆ ಆಗುತ್ತಿರಲಿಲ್ಲ. ಒಂದು ಸಲ ಫೋನ್ ಗುಂಯ್‌ಗುಟ್ಟಿತು. ನಾಲ್ವರೂ ಬೆಚ್ಚಿದೆವು. ಮೊಬೈಲ್ ಕಂಪನಿಯ ಮೆಸೇಜು. ಅವನು ನಕ್ಕ. ಅವನ ತಾಯಿ ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಾದರೂ ಬಾರದಿದ್ದಾಗ ನನ್ನ ಹೆಂಡತಿ ಹೋದಳು. ಒಲೆಯ ಮೇಲೆ ಕಾದ ಕಾವಲಿ ಇಟ್ಟು, ಹಿಟ್ಟಿನ ಸೌಟು ಹಿಡಿದು ಸುಮ್ಮನೆ ನಿಂತಿದ್ದರಂತೆ. ಇವಳನ್ನು ಕಂಡು, "ಹಿಟ್ಟು ಸ್ವಲ್ಪ ದಪ್ಪ ಆಯ್ತು ಅಂತ ಕಾಣ್ತದೆ" ಎಂದರಂತೆ.

ಹತ್ತು ಗಂಟೆಯ ಹೊತ್ತಿಗೆ ನಾವು ಎದ್ದೆವು. ಇನ್ನೂ ಸುತ್ತುಗಳಿದ್ದವು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅವರ ಮಾತು ಕೇಳಿಸಿತು.

"ಇನ್ನೂ ಉಂಟು ಮಗಾ. ಮುಗಿಲಿಲ್ಲ."

"ಹೌದಮ್ಮ. ಇನ್ನೂ ಉಂಟು."

ಅದೇ ಹತ್ತಿಪ್ಪತ್ತು ಪದಗಳ ಕನ್ನಡದಲ್ಲಿ. ಮೆಟ್ಟಿಲಿಳಿಯುವಾಗ ನನ್ನ ಹೆಂಡತಿ ಗೋಡೆಗೆ ಕೈಯೂರಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಫೋನ್ ಬರಲಿಲ್ಲ. ಆಯ್ಕೆಯಾಗದವರನ್ನೂ ಕೆಲವು ತಂಡಗಳು ಮರುದಿನ ಕರೆಯುವುದುಂಟಂತೆ. ಆ ವಾರವಿಡೀ ಯಾರೂ ಕರೆಯಲಿಲ್ಲ. ಸೋಮವಾರ ವಾರ್ಡಿನಲ್ಲಿ ಅವರು ಸಿಕ್ಕಾಗ, "ಎಂತ ಡಾಕ್ಟ್ರೇ, ಬಿಸಿಲು ಶುರುವಾಯ್ತು ಅಲ್ವಾ" ಎಂದರು. "ಹೌದು ಸಿಸ್ಟರ್" ಎಂದೆ. ಅದರ ಬಗ್ಗೆ ನಾವು ಆಡಿದ್ದು ಇಷ್ಟೇ.

ಅವನು ಒಂದೆರಡು ತಿಂಗಳು ಜುಫೈರಿನ ಒಂದು ಜಿಮ್ಮಿನಲ್ಲಿ ಬಂದವರಿಗೆ ಭಾರ ಎತ್ತುವುದನ್ನು ಹೇಳಿಕೊಟ್ಟ. ವಿಸಿಟ್ ವೀಸಾದಲ್ಲಿ ದುಡಿಯುವ ಹಾಗಿರಲಿಲ್ಲ. ಯಾರೋ ದೂರಿದರು, ಜಿಮ್ಮಿನವರು ಬರಬೇಡವೆಂದರು. ಆಮೇಲೆ ಅಪ್ಪನಿರುವ ರಾಜ್ಯಕ್ಕೇ ಹೋಗಿ ಒಂದು ಗೋದಾಮಿನಲ್ಲಿ ಲಾರಿಗೆ ಮಾಲು ತುಂಬುವ ಕೆಲಸ ಹಿಡಿದ. ಹೋಗುವ ಮುಂಚೆ ನನ್ನ ವಿಭಾಗಕ್ಕೆ ಬಂದು ಕೈಕುಲುಕಿದ. ನಾನು ಮಂಡಿಯ ವ್ಯಾಯಾಮಗಳನ್ನು ಬಿಡಬೇಡ ಎಂದೆ. ಬಿಡಲ್ಲ ಎಂದ. ಕಾಲು ತೋರಿಸು ಎಂದು ನಾನೂ ಕೇಳಲಿಲ್ಲ, ಅವನೂ ತೋರಿಸಲಿಲ್ಲ.

ಎರಡು ವರ್ಷ ಕಳೆದ ಮೇಲೆ ಆಸ್ಪತ್ರೆಯಲ್ಲಿ ಹಳಬರನ್ನು ಕಡಿಮೆ ಮಾಡಿದರು. ಅವನ ತಾಯಿಯ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಉಡುಪಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಮಗ ಕಾಗದಪತ್ರ ಮಾಡಿಸಿ ತನ್ನ ಬಳಿಗೆ ಕರೆಸಿಕೊಂಡ. ಬೀಳ್ಕೊಡುಗೆಯ ದಿನ ಕೇಕ್ ಕತ್ತರಿಸಿದರು, ಎಲ್ಲರೂ ಫೋಟೋ ತೆಗೆಸಿಕೊಂಡರು. "ಇನ್ನು ಮಗನ ಜೊತೆ ಆರಾಮಾಗಿ ಇರಿ ಸಿಸ್ಟರ್" ಎಂದು ಯಾರೋ ಹೇಳಿದರು. ಅವರು ಎಲ್ಲರಿಗೂ ಕೇಕ್ ಹಂಚಿದರು.

ಅಲ್ಲಿಂದ ಒಂದೇ ಸಲ ಅವರು ನನ್ನೊಡನೆ ಫೋನಿನಲ್ಲಿ ಮಾತಾಡಿದ್ದು. ನಮಗೆ ಆಗ ಸಂಜೆ, ಅವರಿಗೆ ಬೆಳಿಗ್ಗೆ. ಮಗನ ಮಂಡಿಗೆ ಮತ್ತೊಂದು ಆಪರೇಷನ್ ಆಗಿದೆ ಎಂದರು. ಗೋದಾಮಿನ ಕೆಲಸ ಹೋಗಿತ್ತು.

"ಮೆಟ್ಟಿಲು ಹತ್ಲಿಕ್ಕೆ ಆಗುದಿಲ್ಲ ಅವನಿಗೆ. ತೂಕ ಇನ್ನೂ ಜಾಸ್ತಿ ಆಗಿದೆ. ಮೊದಲು ಅದು ಬಲ ಇತ್ತು, ಈಗ ಬರೀ ತೂಕ. ಯಾವಾಗ್ಲೂ ಮಲಗಿಯೇ ಇರುದು ಡಾಕ್ಟ್ರೇ."

"ನೀವು ಹೇಗಿದ್ದೀರಿ ಸಿಸ್ಟರ್?"

"ನಾನು ಕೆಲಸಕ್ಕೆ ಹೋಗ್ತೇನೆ. ವಯಸ್ಸಾದವರನ್ನು ಇಡ್ತಾರಲ್ಲ, ಅಂಥ ಕಡೆ. ನರ್ಸ್ ಕೆಲಸ ಕೊಡುದಿಲ್ಲ, ಇಲ್ಲಿಯ ಪರೀಕ್ಷೆ ಪಾಸಾಗ್ಬೇಕಂತೆ. ಎಬ್ಬಿಸುದು, ಸ್ನಾನ ಮಾಡಿಸುದು, ಅಷ್ಟೇ." ಆಮೇಲೆ ದನಿ ತಗ್ಗಿಸಿ, "ಅವನು ಒಂದಿನ ಕೇಳಿದ, ಅಮ್ಮ ನಿಂಗೆ ಮೊದಲೇ ಗೊತ್ತಿತ್ತಾ ಅಂತ. ಇಲ್ಲ ಅಂತ ಹೇಳಿದೆ."

"ಹಾಗ್ಯಾಕೆ ಹೇಳಿದ್ರಿ?"

"ಗೊತ್ತಿತ್ತು ಅಂತ ಹೇಳಿದ್ರೆ, ಆಮೇಲೂ ಅವನನ್ನು ಯಾಕೆ ದುಡಿಸಿದೆ ಅಂತ ಕೇಳ್ತಾನೆ. ನಂಗೆ ಎಂತ ಹೇಳ್ಲಿಕ್ಕೆ ಗೊತ್ತಿಲ್ಲ."

ಅವನಿಗೂ ಗೊತ್ತಿತ್ತು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ಆದರೆ ಅಷ್ಟರಲ್ಲಿ ಅವರ ಹಿಂದಿನಿಂದ ಅವನ ದನಿ ಕೇಳಿಸಿತು, ಏನನ್ನೋ ಕೇಳುತ್ತಿದ್ದ. "ಬಂದೆ" ಎಂದು ಅವರು ಆ ಕಡೆ ತಿರುಗಿ ಹೇಳಿದರು. ಮತ್ತೆ ನನಗೆ, "ಅವನನ್ನು ಬಾತ್‌ರೂಮಿಗೆ ಕರ್ಕೊಂಡು ಹೋಗ್ಬೇಕು ಡಾಕ್ಟ್ರೇ, ಒಬ್ಬನಿಗೇ ಏಳ್ಲಿಕ್ಕೆ ಆಗುದಿಲ್ಲ. ಇಡ್ತೇನೆ ಆಯ್ತಾ" ಎಂದರು.

ಆಮೇಲೆ ಎರಡು ಮೂರು ಸಲ ನಾನೇ ಫೋನ್ ಮಾಡಿದೆ. ಮೊದಮೊದಲು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮುಂದಿನ ವರ್ಷ ಮಾಡಿದಾಗ, ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದು ರೆಕಾರ್ಡ್ ಮಾಡಿದ ದನಿ ಇಂಗ್ಲಿಷಿನಲ್ಲಿ ಹೇಳಿತು.